ಸ್ವಲ್ಪ ಗ್ಲಾನಿ

ಜ್ವರ ಬಿಟ್ಟು ಮೂರು ದಿನವಾಗಿತ್ತು. ಥರ್ಮಾಮೀಟರ್ 98.4 ತೋರಿಸಿ ಡಬ್ಬಿ ಸೇರಿತ್ತು. ನಾನು ಮಾತ್ರ ಒಂದು ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಮಂಚದ ಅಂಚಿನಲ್ಲಿ ಕಾಲು ಗಂಟೆಯಿಂದ ಕೂತಿದ್ದೆ. ನೋವಿಲ್ಲ, ಕೆಮ್ಮಿಲ್ಲ, ಅಳುವುದಕ್ಕೆ ಕಾರಣವೂ ಇಲ್ಲ. "ಈಗ ಹೇಗಿದ್ದೀರಿ ಸಾರ್?" ಎಂದು ಸಹೋದ್ಯೋಗಿ ಫೋನು ಮಾಡಿದಾಗ ಬಾಯಿಗೆ ಬಂದದ್ದು, "ಸ್ವಲ್ಪ ಗ್ಲಾನಿ."

"ಅಯ್ಯೋ, ಏನು ಹಾನಿಯಾಯಿತು?"

ತಪ್ಪು ಅವರದಲ್ಲ. ಕನ್ನಡದಲ್ಲಿ ಗ್ಲಾನಿ ಈಗ ಧರ್ಮಕ್ಕೆ ಮಾತ್ರ ಬರುವ ಕಾಯಿಲೆ. ಗೀತೆಯ "ಧರ್ಮಸ್ಯ ಗ್ಲಾನಿರ್ಭವತಿ" ಭಾಷಣಗಳಲ್ಲಿ ಎಷ್ಟು ಸವೆದಿದೆಯೆಂದರೆ, ಆ ಪದ ಕಿವಿಗೆ ಬಿದ್ದೊಡನೆ ಯಾರೋ ಮೈಕ್ ಸರಿಮಾಡಿಕೊಂಡಂತಾಗುತ್ತದೆ. ಆದರೆ ಅದು ಹಾಸಿಗೆ ಹಿಡಿದವರ ಪದ. ಅಮರಕೋಶದಲ್ಲಿ ರೋಗದಿಂದ ಸೊರಗಿದವನು ಗ್ಲಾನ. ಪಾಲಿ ಭಾಷೆಯಲ್ಲಿ ರೋಗಿಯೇ ಗಿಲಾನ. ಸಿಂಹಳದಲ್ಲಿ ಇಂದಿಗೂ ಆಂಬುಲೆನ್ಸಿಗೆ ಗಿಲನ್ ರಥ ಎನ್ನುತ್ತಾರೆ. ಇದು ತಿಳಿದ ಮೇಲೆ ಗೀತೆಯ ಸಾಲು ನನಗೆ ಬೇರೆಯಾಗಿಯೇ ಕಾಣುತ್ತದೆ. ಅದೇ ಶ್ಲೋಕದಲ್ಲಿ ಅಧರ್ಮಕ್ಕೆ ಹೇಳಿರುವುದು ಅಭ್ಯುತ್ಥಾನ, ಎಂದರೆ ಎದ್ದು ನಿಲ್ಲುವುದು. ಒಂದು ಮುಸುಕೆಳೆದು ಮಲಗಿದೆ, ಇನ್ನೊಂದು ಮೈಮುರಿದು ಎದ್ದಿದೆ.

ಪದದ ನಿಜವಾದ ರುಚಿ ಇರುವುದು ಧಾತುಪಾಠದಲ್ಲಿ, ಎಂದರೆ ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಲ್ಲಿ. ಗ್ಲೈ, ಮ್ಲೈ ಎಂಬ ಜೋಡಿ ಧಾತುಗಳಿಗೆ ಅಲ್ಲಿ ಕೊಟ್ಟಿರುವ ಅರ್ಥ ಹರ್ಷಕ್ಷಯ. ಸಂತೋಷಕ್ಕೆ ಕ್ಷಯ ಹಿಡಿಯುವುದು! ಎರಡನೆಯದರಿಂದ ಬಂದ ಮ್ಲಾನವದನವನ್ನು ನಾವು ಉಳಿಸಿಕೊಂಡೆವು, ಮೊದಲನೆಯದನ್ನು ವೇದಿಕೆಗೆ ಬಿಟ್ಟುಕೊಟ್ಟೆವು. ವ್ಯಾಖ್ಯಾನಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹರ್ಷಕ್ಷಯವೆಂದರೆ ಧಾತುಕ್ಷಯ ಎಂದರು; ಇಲ್ಲಿ ಧಾತು ಎಂದರೆ ವ್ಯಾಕರಣದ್ದಲ್ಲ, ರಕ್ತಮಾಂಸಗಳಂಥ ಮೈಯ ಸಾರ. ಮನಸ್ಸು ಬಾಡಿದ್ದೋ ಮೈ ಕರಗಿದ್ದೋ ಎಂದು ಕೇಳಿದರೆ ಪದ ಎರಡಕ್ಕೂ ತಲೆಯಾಡಿಸುತ್ತದೆ. ಚಂದ್ರನಿಗೂ ಇದೇ ಗ್ಲೈ ಧಾತುವಿನಿಂದ ಗ್ಲೌ ಎಂಬ ಹೆಸರಿದೆ. ತಿಂಗಳಿಗೊಮ್ಮೆ ಸೊರಗುವವನಿಗೆ ಅದು ಸಲ್ಲಬೇಕಾದದ್ದೇ.

ನಾಟ್ಯಶಾಸ್ತ್ರದ ಭರತ ಹೇಳುವ 33 ಸಂಚಾರಿ ಭಾವಗಳಲ್ಲಿ, ಎಂದರೆ ಬಂದು ಹೋಗುವ ಭಾವಗಳಲ್ಲಿ, ಗ್ಲಾನಿ ಎರಡನೆಯದು. ವಾಂತಿ, ವ್ಯಾಧಿ, ಉಪವಾಸ, ಮನಸ್ತಾಪ ಎಲ್ಲವೂ ಅದಕ್ಕೆ ಕಾರಣಗಳೇ. ನಟ ತೋರಿಸಬೇಕಾದದ್ದು ಕ್ಷೀಣಿಸಿದ ದನಿ, ಬಣ್ಣಗೆಟ್ಟ ಮುಖ, ನಿಧಾನವಾಗಿ ಎತ್ತಿಡುವ ಹೆಜ್ಜೆ. ಕೈಯಲ್ಲಿ ಕಾಲುಚೀಲವೊಂದನ್ನು ಸೇರಿಸಿದ್ದರೆ ನನ್ನದೇ ಚಿತ್ರ.

ಬೇಸರ ಎನ್ನಬಹುದಿತ್ತಲ್ಲ ಎನ್ನುತ್ತೀರಿ. ಬೇಸರ ಒಂದು ಒಳ್ಳೆಯ ಹರಟೆಗೆ ಕರಗುತ್ತದೆ. ದುಃಖಕ್ಕೆ ಕಳೆದುಕೊಂಡದ್ದು ಏನಾದರೂ ಬೇಕು. ಹಿಂದಿಯವರು ಗ್ಲಾನಿಯನ್ನು ನಾಚಿಕೆ, ಪಶ್ಚಾತ್ತಾಪಗಳ ಕಡೆಗೆ ಎಳೆದುಕೊಂಡಿದ್ದಾರೆ. ಅಷ್ಟು ದೊಡ್ಡ ಪಾಪವನ್ನೇನೂ ನಾನು ಮಾಡಿರಲಿಲ್ಲ.

ನಾಲ್ಕನೆಯ ದಿನ ಕಚೇರಿಗೆ ಹೋದೆ. ಸಹೋದ್ಯೋಗಿ ಕುರ್ಚಿ ಎಳೆದುಕೊಟ್ಟು, ದನಿ ತಗ್ಗಿಸಿ ಕೇಳಿದರು: "ಆ ಹಾನಿ ಸರಿಹೋಯಿತೇ ಸಾರ್?"

"ಇನ್ನೂ ಸ್ವಲ್ಪ ಇದೆ" ಎಂದೆ.