ಆ ಜಾಗದಲ್ಲೇ ಒಂದು ಬೋರ್ಡ್ ಹಾಕಿ

ಹೋದ ವಾರ ರಾತ್ರಿ ಎಂಟೂವರೆಗೆ ನಮ್ಮ ಎದುರು ಮನೆ ಅಜ್ಜಿಗೆ ಎದೆನೋವು ಬಂತು. ಫೋನ್ ಮಾಡಿದ ಹದಿನೈದು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಆದರೆ ನಮ್ಮ ಕ್ರಾಸಿನೊಳಗೆ ಬರಲು ಆಗಲಿಲ್ಲ. ರಸ್ತೆ ಇರುವುದೇ 30 ಅಡಿ. ಎರಡೂ ಕಡೆ ಕಾರು ನಿಂತಿದ್ದವು. ನಮ್ಮ ಮನೆಗಳ ಹಿಂದೆ ಇರುವ ಕಲ್ಯಾಣ ಮಂಟಪದಲ್ಲಿ ಅವತ್ತು ರಿಸೆಪ್ಷನ್. ಕೊನೆಗೆ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ನಾಲ್ಕು ಜನ ಮೇನ್ ರೋಡಿನ ತನಕ ಹೊತ್ತು ನಡೆದರು. ಅವರ ಮಾತ್ರೆ ಡಬ್ಬಿ, ಆಧಾರ್ ಕಾರ್ಡು, ಒಂದು ಶಾಲು ಹಿಡಿದುಕೊಂಡು ನಾನು ಹಿಂದೆ ಓಡಿದೆ.

ಅಜ್ಜಿ ಈಗ ಹುಷಾರಾಗಿದ್ದಾರೆ. ಸ್ಟೆಂಟ್ ಹಾಕಿದ್ದಾರೆ, ಮನೆಗೆ ಬಂದಿದ್ದಾರೆ. ಆದರೆ ಆ ಕುರ್ಚಿ ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ನಮ್ಮೂರು ಬೆಂಗಳೂರಿನಿಂದ ಎರಡು ಗಂಟೆ ದಾರಿ. ಹದಿನಾಲ್ಕು ವರ್ಷದ ಹಿಂದೆ ನಾವು ಇಲ್ಲಿ ಸೈಟ್ ತಗೊಂಡಾಗ ಈಗ ಮಂಟಪ ಇರುವ ಕಡೆ ಪೂರ್ತಿ ತೆಂಗಿನ ತೋಟ. ಊರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ತೋಟಕ್ಕೆ ಹಳದಿ ಬಣ್ಣ. ಹಳದಿ ಅಂದರೆ ವಾಸದ ಜಾಗ, ನೀಲಿ ಅಂದರೆ ವಾಣಿಜ್ಯ, ಹಸಿರು ಅಂದರೆ ಪಾರ್ಕು, ಆಟದ ಮೈದಾನ. ಮುಂದೆ ಅಲ್ಲೂ ಮನೆಗಳೇ ಬರುತ್ತವೆ ಅಂತ ನಂಬಿ ನಾವು ಮನೆ ಕಟ್ಟಿಸಿದೆವು. ಮೂರು ವರ್ಷದ ಹಿಂದೆ ಹಳದಿ ನೀಲಿ ಆಯಿತು. ನಮ್ಮ ಕ್ರಾಸಿನಲ್ಲಿರುವ ಇಪ್ಪತ್ತೆರಡು ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಜೆಸಿಬಿ ಬಂದು ತೆಂಗಿನ ಮರ ಉರುಳಿಸಿದ ದಿನ ನಾವು ನಗರ ಯೋಜನೆ ಕಚೇರಿಗೆ ಓಡಿದೆವು. ಅಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ, ಸುಮ್ನೆ ಹೇಳುತ್ತಿಲ್ಲ. ಫೈಲು ತೆಗೆದು ತೋರಿಸಿದರು. "ಮೇಡಂ, ಪೇಪರ್‌ನಲ್ಲಿ ಹಾಕಿದ್ವಲ್ಲ, ನೋಡ್ಲಿಲ್ವಾ? ಒಂದೂ ಆಕ್ಷೇಪಣೆ ಬಂದಿಲ್ಲ" ಅಂದರು.

ಹಾಕಿದ್ದು ನಿಜ. ಫೈಲಿನಲ್ಲಿ ಆ ಪೇಪರ್ ಕಟಿಂಗ್ ಇತ್ತು. ನನ್ನ ಅಂಗೈಗಿಂತ ಚಿಕ್ಕದು. ಇಂಥ ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟು, ಬಾರ್ ಇಷ್ಟು, 1 ಎಕರೆ 12 ಗುಂಟೆ, ಸದರಿ ಜಮೀನನ್ನು ವಸತಿ ಉದ್ದೇಶದಿಂದ ವಾಣಿಜ್ಯ ಉದ್ದೇಶಕ್ಕೆ ಭೂ ಉಪಯೋಗ ಬದಲಾವಣೆ ಕೋರಿರುತ್ತಾರೆ, ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಸಲ್ಲಿಸತಕ್ಕದ್ದು. ಅಷ್ಟೇ. ಒಂದು ಕಡೆ ಹೆಸರು ಬದಲಾವಣೆಯ ಪ್ರಕಟಣೆ, ಇನ್ನೊಂದು ಕಡೆ ಕಳೆದುಹೋದ ಮಾರ್ಕ್ಸ್ ಕಾರ್ಡಿನದು.

ನಾನು ಆ ಪೇಪರನ್ನು ದಿನಾ ಓದುವವಳು. ಅವತ್ತೂ ಓದಿರುತ್ತೇನೆ. ಓದಿದ್ದರೂ ಅದು ನಮ್ಮ ಹಿತ್ತಲಿನ ವಿಷಯ ಅಂತ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಸರ್ವೆ ನಂಬರ್ ರೈತರಿಗೆ ಗೊತ್ತು, ಸೈಟಿನವರಿಗೆ ಗೊತ್ತಿಲ್ಲ. ಜಮೀನು ಇರುವವರೆಗೆ ಆ ನಂಬರು ಮನೆ ಮಂದಿಗೆಲ್ಲ ಬಾಯಿಪಾಠ. ಪಹಣಿಯಲ್ಲಿ ಇರುತ್ತದೆ, ಕಂದಾಯದ ರಸೀದಿಯಲ್ಲಿ ಇರುತ್ತದೆ. ಅದೇ ಜಮೀನು ಬಡಾವಣೆ ಆದಮೇಲೆ ನಮಗೆ ಉಳಿಯುವುದು ಸೈಟ್ ನಂಬರ್, ಕ್ರಾಸು, ಮೇನು. "ಗಣಪತಿ ದೇವಸ್ಥಾನದ ಹಿಂದೆ, ನೀರಿನ ಟ್ಯಾಂಕ್ ಪಕ್ಕ" ಅಂದಿದ್ದರೆ ಇಪ್ಪತ್ತೆರಡು ಮನೆಯವರೂ ಅವತ್ತೇ ಅರ್ಜಿ ಹಿಡಿದು ನಿಲ್ಲುತ್ತಿದ್ದೆವು. ಕಾಗದದ ಪ್ರಕಾರ ನಮ್ಮನ್ನು ಕೇಳಿದ್ದಾರೆ. ನಮಗೆ ಅರ್ಥವಾಗುವ ಹಾಗೆ ಕೇಳಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ನಾನೇ ಕೂತು ಓದಿದೆ. ನಮ್ಮಲ್ಲಿ ಇದಕ್ಕೆಲ್ಲ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ. ಮಾಸ್ಟರ್ ಪ್ಲಾನ್ ಬಂದಮೇಲೆ ಒಂದು ಜಾಗದ ಬಣ್ಣ ಬದಲಿಸಬೇಕಾದರೆ 14ಎ ಕಲಂ ಅಂತ ಇದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು. ಆಕ್ಷೇಪಣೆಗೆ ಕಡಿಮೆ ಅಂದರೂ 15 ದಿನ ಕೊಡಬೇಕು. ಕಾನೂನು ಬರೆದವರ ಮನಸ್ಸಿನಲ್ಲಿ ಜನರನ್ನು ಕೇಳಬೇಕು ಅನ್ನುವುದು ಇತ್ತು, ಇದರಲ್ಲಿ ನನಗೆ ಅನುಮಾನವಿಲ್ಲ. ಆಗ ಊರು ಚಿಕ್ಕದು. ಪೇಪರ್ ಓದುವವರು ಓದದವರಿಗೆ ಹೇಳುತ್ತಿದ್ದರು. ಈಗ ನಮ್ಮ ಕ್ರಾಸಿನಲ್ಲಿ ಪೇಪರ್ ಬರುವುದೇ ಆರು ಮನೆಗೆ.

ಇನ್ನೊಂದು ಕಡೆ ನೋಡಿ. ಜಾಗ ಮಾರುವವರು ಏನು ಮಾಡುತ್ತಾರೆ? ಹೈವೇ ಪಕ್ಕ ಇಪ್ಪತ್ತು ಅಡಿ ಹೋರ್ಡಿಂಗ್ ನಿಲ್ಲಿಸುತ್ತಾರೆ. 30x40, 40x60, ಇ-ಖಾತಾ, ಬ್ಯಾಂಕ್ ಲೋನ್ ಲಭ್ಯ, ಅಪ್ರೂವ್ಡ್. ಬಸ್ಸಿನಲ್ಲಿ ಹೋಗುವ ಮಗು ಕೂಡ ಓದುತ್ತದೆ. ಒಂದು ಜಾಗದ ವಿಷಯ ಜನರಿಗೆ ತಲುಪಬೇಕಾದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿದೆ. ಆ ಜಾಗದಲ್ಲೇ ದೊಡ್ಡದಾಗಿ ಬರೆಯಬೇಕು.

ನಾನು ಕೇಳುತ್ತಿರುವುದೂ ಅದನ್ನೇ. ಭೂ ಉಪಯೋಗ ಬದಲಾವಣೆ ಇರಲಿ, ಹೊಸ ಬಡಾವಣೆ ಇರಲಿ, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕ್, ಬಾರು ಏನೇ ಇರಲಿ, ಅರ್ಜಿ ಬಂದ ವಾರದೊಳಗೆ ಆ ಜಾಗದಲ್ಲಿ, ರಸ್ತೆಗೆ ಮುಖ ಮಾಡಿ ಒಂದು ಬೋರ್ಡ್ ಹಾಕಿಸಿ. ಆರು ಅಡಿಗೆ ನಾಲ್ಕು ಅಡಿ ಸಾಕು. ಸರಳ ಕನ್ನಡದಲ್ಲಿ ಇಲ್ಲಿ ಏನು ಬರಲಿದೆ, ಎಷ್ಟು ಅಂತಸ್ತು, ಗಾಡಿ ಒಳಗೆ ಹೋಗುವ ದಾರಿ ಯಾವುದು, ಹೊರಗೆ ಬರುವ ದಾರಿ ಯಾವುದು, ಆಕ್ಷೇಪಣೆಗೆ ಕೊನೆ ದಿನ ಯಾವುದು, ಯಾವ ಕಚೇರಿಯ ಯಾವ ಮೇಜಿಗೆ ಕೊಡಬೇಕು ಅಂತ ಬರೆಯಲಿ. ಪಕ್ಕದಲ್ಲಿ ಒಂದು ಕೈನಕ್ಷೆ ಇರಲಿ. ಖರ್ಚು ಅರ್ಜಿದಾರರೇ ಕೊಡಲಿ. ಕೋಟಿ ಹಾಕಿ ಕಟ್ಟುವವರಿಗೆ ಒಂದು ಬೋರ್ಡಿನ ದುಡ್ಡು ಹೊರೆಯಾಗುವುದಿಲ್ಲ. ಆ ಬೋರ್ಡಿನ ಫೋಟೋ, ದಿನಾಂಕದ ಸಮೇತ, ಫೈಲಿನಲ್ಲಿ ಇಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗಬಾರದು.

ಇದು ಎಲ್ಲೂ ಇಲ್ಲದ್ದೇನಲ್ಲ. ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಬೀದಿಯಲ್ಲಿ ಒಂದು ಅಂಗಡಿಯನ್ನು ಹೋಟೆಲ್ ಮಾಡುವುದಕ್ಕೆ ಅರ್ಜಿ ಬಂದಿತ್ತಂತೆ. ಎದುರಿನ ದೀಪದ ಕಂಬಕ್ಕೆ ಪ್ಲಾಸ್ಟಿಕ್ ಕವರ್ ಹಾಕಿದ ಒಂದು ಹಾಳೆ ಕಟ್ಟಿದ್ದರು. ಫೋಟೋ ಕಳಿಸಿದ್ದಳು. ಅಲ್ಲಿ ಇಂಥ ನೋಟಿಸನ್ನು ಜಾಗದಲ್ಲಿ ಹಾಕಿದರೆ ಕಡಿಮೆ ಅಂದರೂ 21 ದಿನ ಇರಿಸಬೇಕು. ಅವಳು ಎರಡು ಪ್ಯಾರಾ ಬರೆದು ಕಳಿಸಿದಳು: ಹೊಗೆ ಕೊಳವೆ ನಮ್ಮ ಕಿಟಕಿ ಕಡೆ ಬೇಡ, ರಾತ್ರಿ ಬೇಗ ಮುಚ್ಚಲಿ. ಹೋಟೆಲಿಗೆ ಒಪ್ಪಿಗೆ ಸಿಕ್ಕಿತು. ಕೊಳವೆ ಹಿಂದಕ್ಕೆ ಹೋಯಿತು, ಮುಚ್ಚುವ ಹೊತ್ತಿಗೂ ಷರತ್ತು ಬಿತ್ತು. ಅವಳು ಈಗ ಅಲ್ಲೇ ಊಟ ತರಿಸುತ್ತಾಳೆ.

ಈ ಮಾತನ್ನು ಒತ್ತಿ ಹೇಳಬೇಕು. ನಾವು ಯಾರೂ ಕಲ್ಯಾಣ ಮಂಟಪ ಬೇಡವೇ ಬೇಡ ಅನ್ನುವವರಲ್ಲ. ಊರು ಬೆಳೆಯಬೇಕು. ನಮ್ಮ ಕಡೆ ಮದುವೆಗೆ ಜಾಗ ಸಿಗದೆ ಜನ ಇಪ್ಪತ್ತು ಕಿಲೋಮೀಟರ್ ಹೋಗುತ್ತಿದ್ದರು. ತೋಟ ಮಾರಿದ ಗೌಡರ ಕಷ್ಟವೂ ಗೊತ್ತು. ಬೋರ್‌ವೆಲ್ ಬತ್ತಿತ್ತು, ಮಕ್ಕಳು ಊರಲ್ಲಿಲ್ಲ. ಅವರ ಜಮೀನು, ಅವರ ಹಕ್ಕು. ನಮ್ಮನ್ನು ಸರಿಯಾದ ಹೊತ್ತಿನಲ್ಲಿ ಕೇಳಿದ್ದರೆ ನಾವು ಹೇಳುತ್ತಿದ್ದುದು ಮೂರೇ ಮಾತು. ಗೇಟು ಮೇನ್ ರೋಡಿನ ಕಡೆ ಇಡಿ. ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಮಾಡಿ. ಜನರೇಟರ್ ನಮ್ಮ ಮಲಗುವ ಕೋಣೆಗಳ ಕಡೆ ಬೇಡ. ಜಾಗ ಮೂಲೆಯಲ್ಲಿದೆ, ಎರಡು ಕಡೆ ರಸ್ತೆ ಇದೆ, ಆದ್ದರಿಂದ ಇದೆಲ್ಲ ಆಗುವ ಮಾತೇ ಆಗಿತ್ತು. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಅಳಿಸಿ ಇನ್ನೊಂದು ಕಡೆ ಎಳೆದಿದ್ದರೆ ಮುಗಿಯುತ್ತಿತ್ತು.

ಈಗ ಅಲ್ಲಿ ಕಾಂಕ್ರೀಟ್ ಇದೆ. ಮುಖ್ಯ ಗೇಟು ನಮ್ಮ ಕ್ರಾಸಿಗೆ. ನೆಲಮಾಳಿಗೆಯಲ್ಲಿ ಊಟದ ಹಾಲ್. ಈಗ ಸರಿಮಾಡಿ ಅಂದರೆ ಯಾರಿಗೂ ಆಗುವುದಿಲ್ಲ. ಲಗ್ನದ ತಿಂಗಳಲ್ಲಿ ಬೆಳಗ್ಗೆ ಐದೂವರೆಗೆ ಸ್ಪೀಕರಿನಲ್ಲಿ ನಾದಸ್ವರ ಶುರುವಾಗುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಕೇಳುವ ಹಾಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯ ನಿಯಮವೇ ಇದೆ. ಹೋಗಿ ಹೇಳಿದರೆ ಕಡಿಮೆ ಮಾಡುತ್ತಾರೆ. ಮುಂದಿನ ಮದುವೆಗೆ ಬೇರೆ ಮನೆಯವರು, ಬೇರೆ ಸೌಂಡ್‌ನವರು. ಮತ್ತೆ ಹೋಗಿ ಹೇಳಬೇಕು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇರುವ ಮಗಳನ್ನು ನಮ್ಮ ಪಕ್ಕದವರು ಎರಡು ತಿಂಗಳು ಅಜ್ಜಿ ಮನೆಗೆ ಕಳಿಸಿದರು.

ಫ್ಲೆಕ್ಸಿನ ಮಾತನ್ನೂ ಆಡಲೇಬೇಕು. ಪ್ರತಿ ಮದುವೆಗೂ ನಮ್ಮ ಕ್ರಾಸಿನ ಮೂಲೆಯಲ್ಲಿ ಸ್ವಾಗತದ ಫ್ಲೆಕ್ಸ್, ಅದರ ಪಕ್ಕ ನಾಯಕರ ಹುಟ್ಟುಹಬ್ಬದ್ದು, ಅದರ ಮೇಲೆ ಸೈಟ್ ಮಾರಾಟದ್ದು. ತಿರುವಿನಲ್ಲಿ ಎದುರಿಂದ ಬರುವ ಗಾಡಿಯೇ ಕಾಣುವುದಿಲ್ಲ. 1981ರಿಂದಲೇ ನಮ್ಮಲ್ಲಿ ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗಟ್ಟಿಯಾಗಿ ಕೇಳಿದ್ದಕ್ಕೆ ಬೆಂಗಳೂರಿನಲ್ಲಿ ಕೆಲವೇ ದಿನದಲ್ಲಿ ಸಾವಿರಾರು ಫ್ಲೆಕ್ಸ್ ಕೆಳಗಿಳಿದವು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ?

ಇದನ್ನು ಬರೀ ಅಂದ ಚೆಂದದ ವಿಷಯ ಅಂದುಕೊಳ್ಳಬೇಡಿ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂರು ಜನ ಹುಡುಗರು ಕರೆಂಟ್ ಹೊಡೆದು ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ಮುಂಬೈನ ಘಾಟ್ಕೋಪರ್‌ನಲ್ಲಿ ಗಾಳಿಮಳೆಗೆ ಒಂದು ಹೋರ್ಡಿಂಗ್ ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಜನ ಹೋದರು. ಅಲ್ಲಿ 40 ಅಡಿಗೆ 40 ಅಡಿ ಮಾತ್ರ ಅಂತ ಮಿತಿ ಇದ್ದರೂ ಆ ಹೋರ್ಡಿಂಗ್ 120 ಅಡಿಗೆ 120 ಅಡಿ ಇತ್ತು. ಯಾರೋ ಒಬ್ಬರು ಟೇಪು ಹಿಡಿದು ಅಳೆದಿದ್ದರೆ ಸಾಕಿತ್ತು.

ಹಾಗಾಗಿ ಪ್ರತಿ ಹೋರ್ಡಿಂಗಿನ ಕೆಳಗೂ ಅನುಮತಿ ಸಂಖ್ಯೆ, ಅಳತೆ, ಅನುಮತಿ ಮುಗಿಯುವ ದಿನ ದಾರಿಯಲ್ಲಿ ನಿಂತವರಿಗೆ ಓದಲು ಆಗುವ ಅಕ್ಷರದಲ್ಲಿ ಇರಲಿ. ಸಂಖ್ಯೆ ಇಲ್ಲದ್ದನ್ನು ಇಳಿಸಲಿ. ಸೈಟ್ ಮಾರುವವರ ಬೋರ್ಡಿಗೆ ಇನ್ನೂ ಒಂದು ಮಾತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ನೋಂದಣಿ ಬೇಕಾದ ಯೋಜನೆಗೆ ನೋಂದಣಿ ಆಗುವ ಮೊದಲು ಜಾಹೀರಾತು ಕೊಡುವ ಹಾಗೇ ಇಲ್ಲ. ತೀರಾ ಚಿಕ್ಕ ಯೋಜನೆಗಳಿಗೆ ಮಾತ್ರ ನೋಂದಣಿಯಿಂದ ವಿನಾಯಿತಿ ಇದೆ. ಬರೀ "ಅಪ್ರೂವ್ಡ್" ಅಂತ ಬರೆದಿದ್ದರೆ ಯಾರ ಅಪ್ರೂವಲ್, ಯಾವ ನಂಬರು ಅಂತ ಕೇಳಿ. ದುಡ್ಡು ಕೊಟ್ಟಮೇಲೆ ಕೇಳಿ ಉಪಯೋಗ ಇಲ್ಲ.

ಅಂಗಡಿ ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಅನ್ನುವ ಕಾನೂನು 2024ರಲ್ಲಿ ಬಂತು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಅದೇ ಮನಸ್ಸಿನಿಂದ ಕೇಳುತ್ತೇನೆ, ಆಕ್ಷೇಪಣೆ ಕೇಳುವ ಪ್ರಕಟಣೆಯೂ ಜನರ ಕನ್ನಡದಲ್ಲಿ ಇರಲಿ. "ಸದರಿ", "ಮೇಲ್ಕಂಡ", "ಸಲ್ಲಿಸತಕ್ಕದ್ದು" ನಮ್ಮ ಬೀದಿಯ ಹೂವಿನ ಅಂಗಡಿ ಲಕ್ಷ್ಮಮ್ಮನಿಗೆ ಅರ್ಥ ಆಗಬೇಕಲ್ಲ. ಆ ಮಂಟಪದ ಗೇಟಿನಿಂದ ಜಾಸ್ತಿ ಕಷ್ಟ ಆಗಿರುವುದು ಅವರಿಗೇ. ಅವರ ತಳ್ಳುಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ.

"ಜನಕ್ಕೆ ಆಸಕ್ತಿ ಇಲ್ಲ, ಕೇಳಿದರೂ ಯಾರೂ ಬರಲ್ಲ" ಅನ್ನುವ ಮಾತು ಕಚೇರಿಗಳಲ್ಲಿ ಬಹಳ ಸಲ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. 2017ರ ನವೆಂಬರಿನಲ್ಲಿ ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಕರಡು ಹೊರಬಂದಾಗ ನಾಗರಿಕ ಸಂಘದವರು ನಕ್ಷೆ ಹರಡಿಕೊಂಡು ಕೂತು, ಬೀದಿ ಬೀದಿಯ ಜನಕ್ಕೆ ತಿಳಿಸಿ ಹೇಳಿದರು. ಸಾವಿರಾರು ಆಕ್ಷೇಪಣೆ ಬಂದವು. ಆಮೇಲೆ ಸರ್ಕಾರ ಆ ಕರಡನ್ನೇ ಹಿಂದಕ್ಕೆ ತೆಗೆದುಕೊಂಡಿತು. ವಿಷಯ ಗೊತ್ತಾದರೆ ಜನ ಬರುತ್ತಾರೆ.

ಅಜ್ಜಿ ಆಸ್ಪತ್ರೆಯಲ್ಲಿದ್ದ ಭಾನುವಾರ ನಾವು ಇಪ್ಪತ್ತೆರಡು ಮನೆಯವರೂ ಒಂದು ಕಡೆ ಸೇರಿದೆವು. ಮಂಟಪದ ಮಾಲೀಕರನ್ನೂ ಕರೆದೆವು, ಬಂದರು. ಮದುವೆ ದಿನ ಕ್ರಾಸಿನ ಬಾಯಲ್ಲಿ ಇಬ್ಬರು ಕಾವಲಿನವರನ್ನು ನಿಲ್ಲಿಸಿ, ಒಂದು ಕಡೆ ಪೂರ್ತಿ ಖಾಲಿ ಬಿಡಿಸುತ್ತೇನೆ ಅಂತ ಒಪ್ಪಿದ್ದಾರೆ. ಮೇನ್ ರೋಡಿನ ಕಡೆ ಇನ್ನೊಂದು ಗೇಟು ತೆರೆಯಲು ಆಗುತ್ತದಾ ಅಂತ ಎಂಜಿನಿಯರನ್ನು ಕೇಳುತ್ತಾರಂತೆ. ಮಾಡಿದರೆ ಒಳ್ಳೆಯದು.

ನೀರಿನ ಟ್ಯಾಂಕಿನ ಆಚೆ ಇನ್ನೂ ಮೂರು ಎಕರೆ ತೋಟ ಖಾಲಿ ಇದೆ. ಅದರ ಮಧ್ಯೆ ಮಳೆನೀರು ಹರಿಯುವ ಹಳ್ಳ ಇದೆ. ಹೋದ ತಿಂಗಳು ಅಲ್ಲಿ ಯಾರೋ ಕಲ್ಲು ನೆಟ್ಟು ಅಳತೆ ಮಾಡಿಕೊಂಡು ಹೋದರು. ಆ ಜಾಗಕ್ಕೆ ಏನಾದರೂ ಅರ್ಜಿ ಬಂದಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿದ್ದೇನೆ. 30 ದಿನದೊಳಗೆ ಉತ್ತರ ಕೊಡಬೇಕು. ಜೊತೆಗೆ ಜಾಗದಲ್ಲೇ ಬೋರ್ಡ್ ಹಾಕಿಸಿ ಅನ್ನುವ ಮನವಿ ಬರೆದಿದ್ದೇವೆ. ಮೊದಲ ಸಹಿ ಅಜ್ಜಿಯದು. ಆಸ್ಪತ್ರೆಯಿಂದ ಬಂದ ಮಾರನೇ ದಿನ, ದಿಂಬಿಗೆ ಒರಗಿಕೊಂಡು ಹಾಕಿಕೊಟ್ಟರು.

ಸೋಮವಾರ ಅದನ್ನು ಕೊಡಲು ಹೋಗುತ್ತಿದ್ದೇವೆ. ನಮ್ಮ ಬಡಾವಣೆಯವರು ಯಾರಾದರೂ ಬರುವುದಾದರೆ ಬೆಳಗ್ಗೆ ಹತ್ತೂವರೆಗೆ ಕಚೇರಿ ಗೇಟಿನ ಹತ್ತಿರ ಸಿಗಿ. ಮನವಿಯ ಇನ್ನೊಂದು ಪ್ರತಿ ನನ್ನ ಹತ್ತಿರ ಇರುತ್ತದೆ, ಅಲ್ಲೇ ಸಹಿ ಹಾಕಬಹುದು.