ಕರಾವಳಿಯಲ್ಲಿ ತೇವಕ್ಕೇನು ಬರ?

ಮನೆಯಲ್ಲಿ ಸಾಕುವ ವಿದೇಶಿ ಹೆಬ್ಬಾವು ಬಾಲ್ ಪೈಥಾನ್ ಕುರಿತ ಲೇಖನವೊಂದನ್ನು ಓದಿದೆ. ಬಕೆಟ್, ನೀರನ್ನು ಕಂಪಿಸಿ ಸಣ್ಣ ಹನಿಗಳಾಗಿ ಹಾರಿಸುವ ಅಲ್ಟ್ರಾಸಾನಿಕ್ ಮಂಜುಯಂತ್ರ, ಚಿಕ್ಕ ಫ್ಯಾನ್ ಜೋಡಿಸಿ ಅದರ ಪೆಟ್ಟಿಗೆಗೆ ತೇವ ಒದಗಿಸುವುದನ್ನು ಲೇಖಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕಾರವಾರದಲ್ಲಿ ಕುಳಿತು ಓದುವ ನಮಗೆ ಸ್ವಲ್ಪ ನಗು ಬರುತ್ತದೆ. ಆಷಾಢದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆಗ ಹಾವಿಗೆ ಬೇಕಾದದ್ದು ಮಂಜಲ್ಲ, ಗಾಳಿ. ಹಾಸು ಸದಾ ಒದ್ದೆಯಾಗಿದ್ದರೆ ಹೊಟ್ಟೆಯಡಿಯ ಹುರುಪೆಗಳು ಕೊಳೆಯಲು ತೊಡಗುತ್ತವೆ.

ಯಂತ್ರಕ್ಕೆ ಕೆಲಸವಿರುವುದು ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣಗಾಳಿ ಬೀಸುವಾಗ, ಅದಕ್ಕಿಂತ ಹೆಚ್ಚಾಗಿ ಶಿರಸಿಯಲ್ಲಿ ಪೆಟ್ಟಿಗೆಗೆ ಗಾಳಿಯನ್ನು ಒಣಗಿಸುವ ಹೀಟ್ ಬಲ್ಬ್ ಹಾಕುವವರಿಗೆ. ಆಗಲೂ ಬಾವಿ ನೀರು ಸುರಿಯಬೇಡಿ. ಹನಿಗಳ ಜೊತೆ ಲವಣವೂ ಹಾರಿ ಗಾಜಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಹಾವು ಉಸಿರಾಡುವುದೂ ಅದನ್ನೇ. ಭಟ್ಟಿ ಇಳಿಸಿದ ನೀರೇ ಆಗಬೇಕು. ನನ್ನನ್ನು ಕೇಳಿದರೆ ಇಷ್ಟೆಲ್ಲ ಉಪದ್ವ್ಯಾಪವೇ ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಸುಳುವಷ್ಟು ತೂತು ಮಾಡಿ, ನೆನೆಸಿ ಗಟ್ಟಿಯಾಗಿ ಹಿಂಡಿದ ತೆಂಗಿನ ನಾರಿನ ಪುಡಿ ತುಂಬಿಡಿ. ಪೊರೆ ಬಿಡುವ ಮುನ್ನ ಕಣ್ಣು ಹಾಲುಬಣ್ಣಕ್ಕೆ ತಿರುಗಿದಾಗ ಅದು ತಾನೇ ಹೋಗಿ ಅಲ್ಲಿ ಸುರುಳಿ ಸುತ್ತುತ್ತದೆ.

ಇನ್ನು, ಹಿತ್ತಲಿಗೆ ಬಂದ ಕೇರೆಹಾವನ್ನು ಹಿಡಿದು ಸಾಕುವ ಉಮೇದು ಯಾರಿಗೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿಗೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಬೇಕು. ಲೇಖನದಲ್ಲಿ ಈ ಮಾತೇ ಇಲ್ಲ.