ಊರ ಬಚ್ಚಲ ನೀರಿಗೆ ಜೊಂಡಿನ ಪಾತಿ ಸಾಕೇ?

ಪರ

ಮನೆಮನೆಗೆ ನಲ್ಲಿ ಬಂದ ಮೇಲೆ ಬಚ್ಚಲ ನೀರೂ ಹೆಚ್ಚಿದೆ. ಚರಂಡಿ ಹಿಡಿದು ಅದು ನೇರ ಕೆರೆಗೆ ಇಳಿಯುತ್ತಿದೆ. ಮೋಟಾರಿನಿಂದ ಗಾಳಿ ಊದುವ ಶುದ್ಧೀಕರಣ ಘಟಕ ಕಟ್ಟಿದರೆ, ಕರೆಂಟ್ ಬಿಲ್ ಬಾಕಿ ಬಿದ್ದ ತಿಂಗಳೇ ಅದು ನಿಲ್ಲುತ್ತದೆ. ಜಲ್ಲಿ ತುಂಬಿ ಜೊಂಡು ನೆಟ್ಟು, ಅದರೊಳಗೆ ಕೊಳೆನೀರು ಹರಿಸಿ ಶುದ್ಧ ಮಾಡುವ ಜೊಂಡಿನ ಪಾತಿಗೆ ನೆಲದ ಇಳಿಜಾರೇ ಸಾಕು.

ಲೆಕ್ಕ ಹಾಕಿ ನೋಡಿ. 100 ಮನೆ, 500 ಜನ. ತಲೆಗೆ ದಿನಕ್ಕೆ 55 ಲೀಟರ್ ಕೊಟ್ಟರೆ ಸುಮಾರು 44 ಲೀಟರ್ ಚರಂಡಿಗೆ ಬರುತ್ತದೆ, ಒಟ್ಟು 22,000 ಲೀಟರ್. ನೀರು ಮೂರು ದಿನ ಪಾತಿಯಲ್ಲಿರಬೇಕು. ಜಲ್ಲಿಯ ಸಂದುಗಳಲ್ಲಿ ನೀರು ಹಿಡಿಯುವುದು ನೂರಕ್ಕೆ 35 ಪಾಲು ಮಾತ್ರ. ಹಾಗಾಗಿ 60 ಸೆಂ.ಮೀ. ಆಳದ ಪಾತಿಗೆ ಮೂರು ಗುಂಟೆಗಿಂತ ತುಸು ಹೆಚ್ಚು ಜಾಗ ಬೇಕು. ಗೋಮಾಳದ ಮೂಲೆಯಲ್ಲಿ ಅಷ್ಟು ಸಿಗುತ್ತದೆ.

ಮೊದಲು ಜಾಲರಿ, ಆಮೇಲೆ ಕೆಸರು ಕೂರುವ ತೊಟ್ಟಿ. ಪಾತಿಯ ಎರಡೂ ತುದಿಗೆ ಮುಷ್ಟಿ ಗಾತ್ರದ ಕಲ್ಲು, ನಡುವೆ 10–20 ಮಿ.ಮೀ.ನ ತೊಳೆದ ಜಲ್ಲಿ, ತಳಕ್ಕೆ ನೂರು ಅಡಿಗೆ ಒಂದಡಿ ಇಳಿಜಾರು. ಜೊಂಡು, ಕಾಬಾಳೆ ನೆಡಿ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಬೇರಿಗೂ ಕಲ್ಲಿಗೂ ಅಂಟಿಕೊಂಡು ಬೆಳೆಯುತ್ತವೆ. ನೀರು ಜಲ್ಲಿಯ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗೇ ಹರಿಯಲಿ, ಆಗ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿರುವುದಿಲ್ಲ.

ಬೆಂಗಳೂರಿನ ಜಕ್ಕೂರು ಕೆರೆಗೆ ನೀರು ಇಳಿಯುವುದು ಜೊಂಡು ಬೆಳೆದ ಜೌಗಿನ ಮೂಲಕವೇ. ಅಲ್ಲಿ ಇವತ್ತಿಗೂ ಮೀನುಗಾರಿಕೆ ಇದೆ. ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ ಎನ್ನುವುದು ಬರದ ಊರುಗಳಿಗೆ ಸಣ್ಣ ಮಾತಲ್ಲ.

ವಿರೋಧ

ಜಕ್ಕೂರಿನಲ್ಲಿ ಜೌಗಿಗಿಂತ ಮೊದಲು ದಿನಕ್ಕೆ ಕೋಟಿ ಲೀಟರ್ ಲೆಕ್ಕದಲ್ಲಿ ಕಟ್ಟಿದ ಶುದ್ಧೀಕರಣ ಘಟಕವಿದೆ. ಜೌಗು ಮಾಡುವುದು ಉಳಿದ ಕೆಲಸ. ಹಳ್ಳಿಯಲ್ಲಿ ಎಲ್ಲ ಕೆಲಸವನ್ನೂ ಪಾತಿಯ ಮೇಲೇ ಹೊರಿಸುತ್ತೇವೆ.

ಚರಂಡಿಗೆ ಬರುವುದು ಬರೀ ಬಚ್ಚಲ ನೀರೂ ಅಲ್ಲ. ಕೊಟ್ಟಿಗೆ ತೊಳೆದ ಸಗಣಿ ಬರುತ್ತದೆ, ತುಂಬಿದ ಶೌಚಗುಂಡಿಯ ನೀರು ಬರುತ್ತದೆ. ಮೂರು ಗುಂಟೆಯ ಲೆಕ್ಕ ಅಲ್ಲೇ ತಪ್ಪುತ್ತದೆ. ನೀರು ಒಳಬರುವ ಕಡೆಯ ಜಲ್ಲಿ ಕೆದಕಿದರೆ ಕಲ್ಲಿಗೆ ಕಪ್ಪು ಲೋಳೆ, ನಡುವೆ ಶಾಂಪೂ ಸ್ಯಾಷೆ. ಸಂದು ಕಟ್ಟಿದಾಗ ನೀರು ಮೇಲಕ್ಕೆ ಉಕ್ಕಿ ನಿಲ್ಲುತ್ತದೆ, ಸೊಳ್ಳೆಗೆ ಬೇಕಾದದ್ದೂ ಅದೇ. ಜಲ್ಲಿ ಅಗೆದು, ತೊಳೆದು, ಮತ್ತೆ ತುಂಬಬೇಕು. ಕಟ್ಟಲು ಹಣ ಬರುತ್ತದೆ, ಈ ಕೂಲಿಗೆ ಬರುವುದಿಲ್ಲ. ಜೊಂಡನ್ನು ಕೊಯ್ದು ಸಾಗಿಸದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ ಸಾರಜನಕ, ರಂಜಕ ಮತ್ತೆ ನೀರಿಗೇ ಸೇರುತ್ತವೆ.

ಮಳೆಯ ಪಾಡೇನು? ಐದು ಎಕರೆಯ ಊರಿನ ಮೇಲೆ 20 ಮಿ.ಮೀ. ಮಳೆಯೆಂದರೆ ನಾಲ್ಕು ಲಕ್ಷ ಲೀಟರ್. ಅರ್ಧ ಹರಿದರೂ ಒಂಬತ್ತು ದಿನದ ನೀರು ಒಂದೇ ಗಂಟೆಯಲ್ಲಿ ಹೂಳು ಹೊತ್ತು ನುಗ್ಗುತ್ತದೆ. ಪಕ್ಕಕ್ಕೆ ತಿರುಗಿಸಿದರೆ ಚರಂಡಿಯ ಕೊಳೆಯೆಲ್ಲ ಕೆರೆಗೆ.

ರೋಗಾಣುಗಳ ಲೆಕ್ಕ ಇನ್ನೂ ಕಠಿಣ. ಶೌಚದ ನೀರು ಬೆರೆತ ಕೊಳಚೆಯ 100 ಮಿ.ಲೀ.ನಲ್ಲಿ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಒಂದು ಕೋಟಿ ಇರಬಹುದು. ನೂರಕ್ಕೆ 99 ಸತ್ತರೂ ಲಕ್ಷ ಉಳಿಯುತ್ತವೆ. ಆ ನೀರಲ್ಲಿ ಕೊತ್ತಂಬರಿ ಬೆಳೆಯಬಾರದು. ಬೆಳೆಯದಂತೆ ಕಾಯುವವರು ಯಾರು?

ಸರ್ಕಾರದ ಗ್ರಾಮೀಣ ಉದ್ಯೋಗ ಯೋಜನೆಯಲ್ಲಿ ಮನೆಗೊಂದು ಬಚ್ಚಲುಗುಂಡಿ ತೋಡಿಸಿದರೆ ಹೆಚ್ಚಿನ ನೀರು ಅಲ್ಲೇ ಇಂಗುತ್ತದೆ. ನೀರು ಇಂಗದ ಎರೆಮಣ್ಣಿನ ಊರುಗಳಲ್ಲಿ ಪಾತಿ ಕಟ್ಟಲಿ, ಅದೂ ಜಲ್ಲಿ ತೊಳೆಯುವ ಕೂಲಿಯನ್ನು ಅಂದಾಜು ಪಟ್ಟಿಯಲ್ಲಿ ಬರೆದ ಮೇಲೆ.